ಲೆನ್ಸಿನ ಪಕ್ಕದ ಕಣ್ಣು

“ಕಟ್. ಸೆಲ್ವಮ್ಮಾ, ಕ್ಯಾಮೆರಾನ ಯಾಕೆ ನೋಡ್ತೀರಿ? ಎದುರಿಗಿರೋ ತಂಗೀನ ನೋಡಿ,” ಎಂದ ಆದಿನಾರಾಯಣ. ಬೆಳಗಿನಿಂದ ಇದೇ ಮಾತು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಬಂಗಾರಪೇಟೆಯ ಈ ಪುಣ್ಯಾತ್ಮ ಬೆಂಗಳೂರಿನ ಸೆಟ್ಟುಗಳಲ್ಲಿ ವರ್ಷಾನುಗಟ್ಟಲೆ ಸಹಾಯಕನಾಗಿ ದುಡಿದು ಬಂದು, ಚಿನ್ನದ ಗಣಿ ಊರಿನ ಕೋರಮಂಡಲ್ ಬಡಾವಣೆಯ ಒಂದು ಹಳೆಯ ಹಾಲಿನಲ್ಲಿ ಕ್ಯಾಮೆರಾ ಮುಂದೆ ನಟಿಸುವುದನ್ನು ಕಲಿಸುತ್ತಿದ್ದ. ಅಲ್ಲೇ ಪಕ್ಕದ ಮೈಸೂರು ಮೈನ್ಸ್ ಗಣಿಯ ಕಡೆ ಶೂಟಿಂಗ್ ಶುರುವಾಗಲಿದ್ದ ಸಿನಿಮಾಕ್ಕೆ ಒಂದು ಜೋಡಿ ಅಕ್ಕತಂಗಿ ಬೇಕಾಗಿದ್ದರು. ಸೆಲ್ವಿ, ಶ್ಯಾಮಲಾ ಇಬ್ಬರ ಫೋಟೊ ಡೈರೆಕ್ಟರಿಗೆ ಹಿಡಿಸಿತ್ತು. ನಟನೆಯ ವೀಡಿಯೊ ಇವತ್ತು ಸಂಜೆಯೊಳಗೆ ಹೋಗಬೇಕು. ತಗೊಂಡರೆ ಇಬ್ಬರನ್ನೂ, ಬಿಟ್ಟರೆ ಇಬ್ಬರನ್ನೂ.

ಸೀನು ನೋಡಿದರೆ ಏನೂ ಇಲ್ಲ. ಮುನಿಸಿಕೊಂಡ ಅಕ್ಕನನ್ನು ತಂಗಿ “ಯಾಕಕ್ಕ ಮನೆಗೆ ಬರಲ್ಲ?” ಎಂದು ಕೇಳಬೇಕು. ಅಕ್ಕನಿಗೆ ಮಾತೇ ಇಲ್ಲ, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಮುಗಿಯಿತು. ಶ್ಯಾಮಲಾ ತನ್ನ ಮಾತನ್ನು ಸಲೀಸಾಗಿ ಹೇಳುತ್ತಿದ್ದಳು. ಸೆಲ್ವಿಯ ಕಣ್ಣು ಮಾತ್ರ ಒಮ್ಮೆ ನೆಲಕ್ಕೆ, ಒಮ್ಮೆ ಲೆನ್ಸಿಗೆ ಜಾರಿಹೋಗುತ್ತಿತ್ತು.

ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದ ಓರಗಿತ್ತಿಯರು, ಸಲಿಗೆ ತಾನಾಗಿಯೇ ಬರುತ್ತದೆ ಎಂದು ಆದಿನಾರಾಯಣ ಲೆಕ್ಕ ಹಾಕಿದ್ದ. ಅವನಿಗೇನು ಗೊತ್ತು, ಪಾಪ. ಶ್ಯಾಮಲಾಳ ಮಗಳು ಮೈಥಿಲಿ ಕೈಕೂಸಾಗಿದ್ದಾಗ, ಮಕ್ಕಳಿಲ್ಲದ ಸೆಲ್ವಿ ಅವಳನ್ನೆತ್ತಿಕೊಂಡು “ಎಷ್ಟು ಗುಂಡಗಾಗವಳೆ ನನ್ ಬಂಗಾರಿ” ಎಂದಿದ್ದಳು. ಅವತ್ತೇ ಮಗುವಿಗೆ ಜ್ವರ ಏರಿ, ಕಣ್ಣಾಲಿ ಮೇಲಾಗಿ, ಆಸ್ಪತ್ರೆಗೆ ಹೊತ್ತುಕೊಂಡು ಓಡುವಂತಾಯಿತು. ಮಗು ಬದುಕಿತು. ಆದರೆ ವಾಪಸು ಬಂದ ಶ್ಯಾಮಲಾ ಬೀದಿಯಲ್ಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಗಣಿ ಕಾರ್ಮಿಕರ ಮನೆಗಳ ಇಡೀ ಲೈನಿಗೆ ಕೇಳುವಂತೆ “ಬಂಜೆ ಕಣ್ಣು ಬಿತ್ತು” ಎಂದುಬಿಟ್ಟಳು. ಅಂದಿನಿಂದ ಸೆಲ್ವಿ ಶ್ಯಾಮಲಾಳ ಮುಖವನ್ನಾಗಲಿ, ಯಾವ ಮಗುವಿನ ಮುಖವನ್ನಾಗಲಿ ನೆಟ್ಟಗೆ ನೋಡಿದವಳಲ್ಲ. ಈ ಕ್ಲಾಸಿಗೆ ಸೇರಿದ ಮೇಲೆ ಅವಳು ಹೆದರದೆ ದಿಟ್ಟಿಸಿದ್ದು ಕ್ಯಾಮೆರಾ ಒಂದನ್ನೇ. ಅದಕ್ಕೆ ದೃಷ್ಟಿ ತಗಲುವುದಿಲ್ಲವಲ್ಲ.

ಈ ಪಾತ್ರ ಅವಳಿಗೆ ಬೇಕೇ ಬೇಕಿತ್ತು. ಟಾಕೀಸಿನಲ್ಲಿ ಊರಿಗೆ ಊರೇ ಕೂತು, ಮಕ್ಕಳುಮರಿ ಕಟ್ಟಿಕೊಂಡು, ಅಷ್ಟಗಲ ತೆರೆಯ ಮೇಲೆ ತನ್ನ ಕಣ್ಣನ್ನು ನೋಡಬೇಕು. ಯಾರಿಗೂ ಏನೂ ಆಗದೆ ಎಲ್ಲರೂ ಎದ್ದು ಮನೆಗೆ ಹೋಗಬೇಕು. ಇಷ್ಟೇ ಅವಳ ಆಸೆ. ಇದನ್ನವಳು ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

“ಇದೇ ಕೊನೆ ಸಲ. ಆಗಲಿಲ್ಲ ಅಂದ್ರೆ ಬೇರೆ ಜೋಡಿ ನೋಡ್ಕೊಳ್ಳಿ ಅಂತ ಫೋನ್ ಮಾಡ್ಬಿಡ್ತೀನಿ,” ಎಂದ ಆದಿನಾರಾಯಣ. “ರೋಲಿಂಗ್. ಆಕ್ಷನ್.”

“ಯಾಕಕ್ಕ ಮನೆಗೆ ಬರಲ್ಲ?”

ಸೆಲ್ವಿ ಉಸಿರು ಬಿಗಿಹಿಡಿದು ತಲೆಯೆತ್ತಿದಳು. ನೋಡಿದಳು. ಶ್ಯಾಮಲಾಳ ಕೆನ್ನೆ ಇಳಿದಿತ್ತು, ಕಿವಿಯ ಹತ್ತಿರ ಕೂದಲು ನರೆತಿತ್ತು. ಅಯ್ಯೋ, ಇವಳಿಗೂ ವಯಸ್ಸಾಗಿಬಿಟ್ಟಿದೆಯಲ್ಲ ಎಂದು ಸೆಲ್ವಿಗೆ ಕರುಳು ಚುರ್ರೆಂದಿತು. ಎದುರಿಗೆ ಶ್ಯಾಮಲಾಳ ಕಣ್ಣು ತುಂಬಿ ಬಂತು. ಅದು ಯಾರೂ ಹೇಳಿಕೊಟ್ಟದ್ದಲ್ಲ.

“ಕಟ್. ಓಕೆ. ಇದೇ ಬೇಕಿತ್ತು ನಂಗೆ,” ಎಂದು ಆದಿನಾರಾಯಣ ಉಸಿರುಬಿಟ್ಟ. “ಈಗ ಶ್ಯಾಮಲಾ ಅವರ ಕ್ಲೋಸಪ್. ಸೆಲ್ವಮ್ಮಾ, ನೀವು ಕಾಣಲ್ಲ. ಲೆನ್ಸಿನ ಪಕ್ಕದಲ್ಲೇ ಕೂತ್ಕೊಂಡು ಅವರಿಗೆ ಇದೇ ನೋಟ ಕೊಡಿ, ಸಾಕು.”

ಅವನು ಲೈಟು ಸರಿಸುತ್ತಿದ್ದ ಹಾಗೆಯೇ ಜಗಲಿಯಲ್ಲಿ ಆಡುತ್ತಿದ್ದ ಮೈಥಿಲಿ “ಅಮ್ಮಾ, ನೀರು” ಎನ್ನುತ್ತಾ ಓಡಿಬಂದು ತಾಯಿಯ ಮಡಿಲೇರಿದಳು. ಸೆಲ್ವಿ ಇನ್ನೂ ನೋಡುತ್ತಲೇ ಇದ್ದಳು. ಕೊನೆಗೂ ಟೇಕ್ ಓಕೆಯಾದ ಹಿಗ್ಗಿನಲ್ಲಿ ಕಣ್ಣು ತಗ್ಗಿಸುವುದನ್ನೇ ಮರೆತಿದ್ದಳು. ಶ್ಯಾಮಲಾಳ ಕೈ ಸರಕ್ಕನೆ ಸೆರಗೆಳೆದು ಮಗಳ ಮುಖ ಮುಚ್ಚಿತು.

ಸೆಲ್ವಿಯ ತಲೆ ಬಗ್ಗಿತು. ಕೆನ್ನೆಗೆ ಹೊಡೆಸಿಕೊಂಡಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

“ಲೈಟ್ ನೋಡ್ಕೊಳ್ಳೋಕೆ ಒಂದು ಸಲ ಹೇಳಿಬಿಡಿ, ಮಗು ಅಲ್ಲೇ ಇರ್ಲಿ,” ಎಂದ ಆದಿನಾರಾಯಣ.

“ಯಾಕಕ್ಕ ಮನೆಗೆ ಬರಲ್ಲ?” ಎಂದಳು ಶ್ಯಾಮಲಾ. ಮಾತು ಒಣಗಿತ್ತು. ಇನ್ನೊಮ್ಮೆ ಹೇಳಿದಳು, ಅದೂ ಹಾಗೇ ಬಂತು. ಆದಿನಾರಾಯಣ ಗಡಿಯಾರ ನೋಡಿ, ಜೇಬಿನಿಂದ ಫೋನು ತೆಗೆದ.

ಶ್ಯಾಮಲಾಳಿಗೆ ಗಾಬರಿಯಾಯಿತು. “ಅಕ್ಕ,” ಎಂದಳು. ಪಾತ್ರದ ಹೊರಗೆ ಅವಳು ಹಾಗೆ ಕರೆದು ವರ್ಷಗಳೇ ಆಗಿದ್ದವು. “ಈ ಕಡೆ ನೋಡಕ್ಕ. ನೀನು ನೋಡ್ದಿದ್ರೆ ನಂಗೆ ಬರಾಕಿಲ್ಲ. ಇಬ್ರದೂ ಓಗ್ಬಿಡ್ತೈತೆ.”

“ನೋಡ್ತೀನಿ,” ಎಂದಳು ಸೆಲ್ವಿ, ತಲೆಯೆತ್ತದೆ. “ಮೊದ್ಲು ಮಗು ಮುಖದ ಮೇಲಿರೋ ಸೆರಗು ತೆಗಿ.”

ಶ್ಯಾಮಲಾಳ ಬೆರಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಅವಳು ಸೆಲ್ವಿಯ ಬಗ್ಗಿದ ತಲೆಯನ್ನು ನೋಡಿದಳು, ಕ್ಯಾಮೆರಾವನ್ನು ನೋಡಿದಳು, ಕೊನೆಗೆ ಕಣ್ಣುಮುಚ್ಚಿಕೊಂಡು ಸೆರಗು ಸರಿಸಿದಳು.

ಸೆಲ್ವಿ ಮೆಲ್ಲಗೆ ತಲೆಯೆತ್ತಿದಳು. ಮೈಥಿಲಿ ಒಂದು ಕ್ಷಣ ಅವಳನ್ನು ನೋಡಿದಳು. ಆಮೇಲೆ, ಯಾರೂ ಹೇಳದೆಯೇ, ತನ್ನ ಎರಡೂ ಪುಟ್ಟ ಅಂಗೈಗಳಿಂದ ಮುಖ ಮುಚ್ಚಿಕೊಂಡಳು.