ಮೂರನೆಯ ಕರೆ

ಬಂಡೆಯ ಮೇಲಿದ್ದ ದಢೂತಿ ಮನುಷ್ಯ ತನ್ನ ನಿಲುವಂಗಿಯನ್ನು ಕಳಚಿ, ನಾಲ್ಕು ಮಡಿಕೆ ಮಾಡಿ, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲನ್ನಿಟ್ಟಾಗ, ದೋಣಿಯಲ್ಲಿ ಕೂತಿದ್ದ ಬಸ್ಯೂನಿಗೆ ತಾನು ಅವನನ್ನು ಊಟಕ್ಕೆ ಕರೆದದ್ದು ತಪ್ಪಾಯಿತೆಂದು ಹೊಳೆಯಿತು. ಅಷ್ಟರಲ್ಲಿ ಆತ ನೀರಿಗೆ ಧುಮುಕಿಯಾಗಿತ್ತು.

ಸಮುದ್ರದಂಡೆಯ ಊರಾದ ಅಬೂ ಕೀರಿನ ದೋಣಿಯವರು ಊಟಕ್ಕೆ ಕೂತಾಗ ದಡದಲ್ಲಿ ಯಾರು ಕಣ್ಣಿಗೆ ಬಿದ್ದರೂ ಬನ್ನಿ ಊಟಕ್ಕೆ ಎಂದು ಕೂಗುತ್ತಾರೆ. ನಡುವೆ ನೀರಿರುವುದರಿಂದ ಯಾರೂ ಬರುವುದಿಲ್ಲ. ತೋರಿಕೆಯ ಆಹ್ವಾನಕ್ಕೆ ಈಜಿಪ್ಟಿನಲ್ಲೆಲ್ಲ ‘ದೋಣಿಯವನ ಕರೆ’ ಎಂದೇ ಹೆಸರು. ಬಸ್ಯೂನಿ ಮೂವತ್ತು ಬೇಸಿಗೆಗಳಿಂದ ಪ್ರವಾಸಿಗಳನ್ನು ಬೆಳಿಗ್ಗೆ ಎದುರಿನ ದ್ವೀಪದಲ್ಲಿ ಇಳಿಸಿ, ಅವರು ಹಳೆಯ ಗೋಡೆಗಳನ್ನು ನೋಡಿ, ಫೋಟೋ ತೆಗೆಸಿಕೊಂಡು ದಣಿಯುವವರೆಗೆ, ಬಂಡೆಗಳಿಂದ ಇಪ್ಪತ್ತು ಮಾರು ದೂರದಲ್ಲಿ ಲಂಗರು ಹಾಕಿ ಕಾಯುತ್ತಿದ್ದ. ಆ ಇಪ್ಪತ್ತು ಮಾರು ನೀರನ್ನು ನಂಬಿಕೊಂಡು ಅವನು ಸಾವಿರಾರು ಜನರನ್ನು ಊಟಕ್ಕೆ ಕರೆದಿದ್ದ. ಒಬ್ಬನಿಗೂ ಒಂದು ತುತ್ತು ಹಾಕಿದ್ದಿಲ್ಲ.

ಅದೂ ಅಲ್ಲದೆ ಇವತ್ತಿನ ಮೀನು ಯಾರಿಗೂ ಕೊಡುವಂಥದ್ದಲ್ಲ. ಹನ್ನೊಂದು ದಿನಗಳ ಹಿಂದೆ ಅವನು ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯ ಕೇಳುತ್ತ ಊಟ ಮುಗಿಸಿ, ಬೆಂಡೆಕಾಯಿ ಬಹಳ ಚೆನ್ನಾಗಿತ್ತು ಎಂದು ಹೆಂಡತಿ ಇನ್ಶಿರಾಳನ್ನು ಹೊಗಳಿದ್ದ. ಅವಳು ಮಾಡಿದ್ದು ಬದನೆಕಾಯಿ. ಅಂದಿನಿಂದ ಅವನ ಪಾಲಿಗೆ ಬರಿಯ ರೊಟ್ಟಿ, ಈರುಳ್ಳಿ. ಇವತ್ತು ಬೆಳಿಗ್ಗೆ ಮಾತ್ರ ಅವಳು ಒಂದಿಡೀ ಮೀನಿನ ಹೊಟ್ಟೆಗೆ ಮಸಾಲೆ ತುಂಬಿ, ಕೆಂಡದ ಮೇಲೆ ಸುಟ್ಟು, ಡಬ್ಬಿಗೆ ಹಾಕಿ ಅವನ ಕೈಗಿಟ್ಟಿದ್ದಳು.

“ಇದು ಹೇಗಿತ್ತು ಅಂತ ಸಂಜೆ ಕೇಳ್ತೀನಿ. ಸರಿಯಾಗಿ ಹೇಳಿದ್ರೆ ನಾಳೆಯಿಂದ ಒಲೆ ಹತ್ತುತ್ತೆ. ಇಲ್ಲಾಂದ್ರೆ ನಾನು ನನ್ನ ತಂಗಿ ಮನೆಗೆ, ನೀನು ನಿನ್ನ ರೇಡಿಯೋ ಜೊತೆಗೆ.”

ಈಜಿ ಬಂದವನು ಹಜ್ಜಾಜ್. ದೂರದ ದಕ್ಷಿಣದ ಇಸ್ನಾದಿಂದ ಸಂಸಾರ ಸಮೇತ ಸಮುದ್ರ ನೋಡಲು ಬಂದವನು. ನೈಲ್ ನದಿಯ ಸೆಳೆತಕ್ಕೆದುರಾಗಿ ಈಜಿ ಬೆಳೆದವನಿಗೆ ಇಪ್ಪತ್ತು ಮಾರು ಯಾವ ಲೆಕ್ಕ. ದೋಣಿಯ ಅಂಚನ್ನು ಹಿಡಿದು ಮೇಲೇರಿ ಬಂದು ಡಬ್ಬಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

“ಎರಡು ಸಲ ನೀವು ಕರೆದಾಗ ಎದೆ ಮುಟ್ಕೊಂಡು ಬೇಡ ಅಂದೆ, ನೋಡಿದ್ರಲ್ಲ ಯಜಮಾನ್ರೇ? ಮೂರನೇ ಸಲಾನೂ ಕರೆದ್ರಿ. ನಮ್ಮ ಕಡೆ ಮೂರನೇ ಸಲ ಅಂದ್ರೆ ಆಣೆ ಇಟ್ಟ ಹಾಗೆ. ಬರದೆ ಇದ್ದಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕಿತ್ತು?”

“ಅಷ್ಟು ದೂರ ಈಜಿದ್ರಿ ಹಾಜಿಯವರೇ, ಸುಮ್ನೆ ಆಯಾಸ,” ಎಂದ ಬಸ್ಯೂನಿ.

“ನಿಮ್ಮ ಪ್ರೀತಿ ಎಳ್ಕೊಂಡು ಬಂತು.”

ಎರಡು ತುತ್ತಾದರೂ ತನಗೆ ಸಿಕ್ಕೀತೆಂದು ಬಸ್ಯೂನಿ ರೊಟ್ಟಿ ಮುರಿಯುತ್ತಿರುವಾಗಲೇ ದೋಣಿ ಜಾರತೊಡಗಿತು. ಹಜ್ಜಾಜ್ ಹತ್ತಿದ ಭಾರಕ್ಕೆ ಲಂಗರಿನ ಹಿಡಿತ ತಪ್ಪಿತ್ತು. ಬಂಡೆಗೆ ಬಡಿದರೆ ಮೀನಷ್ಟೇ ಅಲ್ಲ, ದೋಣಿಯೂ ಹೋಗುತ್ತದೆ. ಅವನು ಎದ್ದು ಹಗ್ಗದತ್ತ ಓಡಿದ. ಓಡುವಾಗಲೂ ಮೂವತ್ತು ವರ್ಷಗಳ ಅಭ್ಯಾಸ ಬಾಯನ್ನು ಸುಮ್ಮನಿರಗೊಡಲಿಲ್ಲ. ನನಗಾಗಿ ಕಾಯಬೇಡಿ, ಶುರು ಮಾಡಿ ಎಂದುಬಿಟ್ಟ. ಅದನ್ನೂ ಮೂರು ಸಲ.

ಹಜ್ಜಾಜನ ಕೈಯೂ ಒದ್ದೆ, ಮೀಸೆಯೂ ಒದ್ದೆ. ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆಯೆಂದು ಬಸ್ಯೂನಿ ಅತ್ತಲಿಂದ ಹೇಳುವಷ್ಟರಲ್ಲಿ ಮೀನಿನ ಹೊಟ್ಟೆ ಬಿಚ್ಚಿಯಾಗಿತ್ತು. ಎರಡು ಸಲ ಜಾರಿದ ಲಂಗರು ಮೂರನೆಯ ಸಲಕ್ಕೆ ತಳ ಕಚ್ಚಿತು. ಬೆವರೊರೆಸಿಕೊಂಡು ಅವನು ಹಿಂದಿರುಗಿದಾಗ ಡಬ್ಬಿಯಲ್ಲಿದ್ದುದು ಮುಳ್ಳಿನ ಹಂದರ ಮಾತ್ರ. ಬೆಕ್ಕು ಕೂಡ ಮೂಸಿ ನೋಡಿ ಹೊರಟುಹೋಗುವಷ್ಟು ಶುಚಿಯಾಗಿತ್ತು.

ಇನ್ನು ಉಳಿದದ್ದು ಒಂದೇ ದಾರಿ. ಬಸ್ಯೂನಿ ಅತಿಥಿಯ ಎದುರು ಕೂತು, ವೈದ್ಯ ರೋಗಿಯನ್ನು ವಿಚಾರಿಸುವ ಹಾಗೆ ಒಂದೊಂದಾಗಿ ಕೇಳಿದ. ಬೆಳ್ಳುಳ್ಳಿ ಜಜ್ಜಿದ್ದೋ ಹೆಚ್ಚಿದ್ದೋ, ಜೀರಿಗೆ ಹುರಿದದ್ದೋ ಹಸಿಯದೋ, ಕೊತ್ತಂಬರಿ ಇತ್ತೇ, ನಿಂಬೆ ಎಷ್ಟು. ಹಜ್ಜಾಜ್ ಎಲ್ಲಕ್ಕೂ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ನೆನಪು ಮಾಡಿಕೊಂಡು ಉತ್ತರ ಹೇಳಿದ. ಕೊರತೆ ಏನಾದರೂ ಇದ್ದರೆ ಅದನ್ನೂ ಹೇಳಲೇಬೇಕೆಂದು ಬಸ್ಯೂನಿ ಕೈಹಿಡಿದುಕೊಂಡ. ಉಂಡ ಮನೆಯ ದೋಷ ಎಣಿಸುವುದು ತರವಲ್ಲವೆಂದು ಅತಿಥಿ ಬಹಳ ಹೊತ್ತು ಒಪ್ಪಲಿಲ್ಲ.

“ಬೇಜಾರು ಮಾಡ್ಕೋಬೇಡಿ,” ಎಂದ ಕೊನೆಗೆ. “ಉಪ್ಪು ಒಂದು ಚಿಟಿಕೆ ಜಾಸ್ತಿ.”

ನಾಲ್ಕು ಗಂಟೆಗೆ ಎಲ್ಲರನ್ನೂ ಹತ್ತಿಸಿಕೊಂಡು ಊರಿಗೆ ಮರಳುವಾಗ ಬಸ್ಯೂನಿ ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತಲೇ ಇದ್ದ. ಮನೆಗೆ ಬಂದವನು ರೇಡಿಯೋ ಕಡೆ ತಿರುಗಿಯೂ ನೋಡಲಿಲ್ಲ. ಹೇಗಿತ್ತು ಎಂದು ಇನ್ಶಿರಾ ಕೇಳಿದ್ದೇ ತಡ, ಜಜ್ಜಿದ ಬೆಳ್ಳುಳ್ಳಿ, ಹುರಿದ ಜೀರಿಗೆ, ಅರ್ಧ ಹೋಳು ನಿಂಬೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಹುಬ್ಬಿನ ಗಂಟು ಸಡಿಲವಾಯಿತು. ಮದುವೆಯಾದಾಗಿನಿಂದ ಅವನು ಅವಳ ಅಡುಗೆಯ ಬಗ್ಗೆ ಇಷ್ಟು ಮಾತಾಡಿದ್ದಿಲ್ಲ. ಬರಿಯ ಹೊಗಳಿಕೆಯಾದರೆ ನಂಬುವುದಿಲ್ಲವೆಂದು ಅವನು ಕೊನೆಯ ಮಾತನ್ನೂ ಸೇರಿಸಿದ.

“ಎಲ್ಲಾ ಸರಿ ಇತ್ತು. ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ.”

“ಉಪ್ಪು ನಾನು ಹಾಕೇ ಇಲ್ಲ,” ಎಂದಳು ಇನ್ಶಿರಾ. “ನಿಂಗೆ ಗೊತ್ತಾಗುತ್ತಾ ನೋಡೋಣ ಅಂತ ಬಿಟ್ಟಿದ್ದೆ.”

ಬಸ್ಯೂನಿ ಚಾಪೆಯ ಎಳೆ ಕೀಳುತ್ತ ಕೂತ. ಅವಳು ಅವನ ನೀರು ತಾಕದ ಅಂಗಿಯನ್ನೊಮ್ಮೆ, ನೀರು ತಾಕದ ಮೀಸೆಯನ್ನೊಮ್ಮೆ ನೋಡಿ, ಸ್ವಲ್ಪ ಯೋಚಿಸಿ ಕೇಳಿದಳು:

“ತಿಂದೋನು ಈಜಿಕೊಂಡು ಬಂದಿದ್ನಾ?”