ಎಡಗಾಲಿನ ಪಟ್ಟಿ

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಆಗ ನನಗೆ ಹದಿನಾಲ್ಕು. ಅರಸೀಕೆರೆಯ ಮೈದಾನದಲ್ಲಿ ಬಾಲಕಿಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯ ಫೈನಲ್ ನಡೆಯುತ್ತಿತ್ತು. ಎದುರು ತಂಡದ ಸಣಕಲು ಹುಡುಗಿಯೊಬ್ಬಳು ದಾಳಿಗೆ ಬಂದಾಗಲೆಲ್ಲ ನಮ್ಮಲ್ಲೊಬ್ಬರನ್ನು ಔಟ್ ಮಾಡಿ ಹೋಗುತ್ತಿದ್ದಳು. ಅವಳ ಮೊಣಕೈ ತಗುಲಿ ನನ್ನ ತುಟಿ ಒಡೆದಿತ್ತು. ಬಾಯಿ ತುಂಬ ರಕ್ತದ ಉಪ್ಪು.

ವಿರಾಮದಲ್ಲಿ ಕೋಚ್ ಮೇಷ್ಟ್ರು ನನ್ನ ಕಿವಿ ಹಿಡಿದು ಬಗ್ಗಿಸಿದರು. "ಎಡಗಾಲಿಗೆ ಪಟ್ಟಿ ಕಟ್ಟವ್ಳೆ, ಕಾಣಾಕಿಲ್ವಾ? ಅಲ್ಲೇ ಹಿಡಿ. ಮತ್ತೆ ಏಳಬಾರ್ದು ಕಣೇ."

ಕೊನೆಯ ದಾಳಿಗೂ ಅವಳೇ ಬಂದಳು. ನಾವು ಒಂದೇ ಅಂಕ ಮುಂದಿದ್ದೆವು. ಪಟ್ಟಿ ಸುತ್ತಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದೆ. ಮುಲಾಮಿಗೆ ಕೈ ಜಾರಿತು, ಇನ್ನೂ ಬಿಗಿಯಾಗಿ ಹಿಡಿದೆ. ಅವಳು ಮುಖ ಅಡಿಯಾಗಿ ಬಿದ್ದಳು. ರೆಫರಿಯ ಸೀಟಿ ನನಗೆ ಚೆನ್ನಾಗಿ ಕೇಳಿಸಿತು. ಆಮೇಲೆ ತಿರುಚಿದೆ. ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಅವಳು ಚೀರಿದ ಭಾಷೆ ನನಗೆ ಬರುತ್ತಿರಲಿಲ್ಲ. ಅಮ್ಮನನ್ನು ಕರೆದದ್ದು ಮಾತ್ರ ತಿಳಿಯಿತು.

ಜನ ಶಿಳ್ಳೆ ಹಾಕಿದರು. ಕೊಬ್ಬರಿ ಮಂಡಿ ಬಿಟ್ಟು ಬಂದಿದ್ದ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನನ್ ಮಗ್ಳು ಕಣ್ರೋ!" ಎಂದು ಕುಣಿದ. ಆ ಎತ್ತರದಿಂದ ಅಮ್ಮ ಕಂಡಳು. ಅಂಕಣದೊಳಗೆ ಕುಳಿತು, ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸುತ್ತಿದ್ದಳು. ಹುಡುಗಿಯನ್ನು ಆಸ್ಪತ್ರೆಗೆ ಒಯ್ದ ಮೇಲೆಯೇ ಎದ್ದು ಬಂದಳು.

ನಾನು ಪದಕ ತೋರಿಸಿದೆ. ಅಮ್ಮ ಅದನ್ನು ನೋಡಲಿಲ್ಲ.

"ಆ ಮಗು ಹೆಸ್ರೇನೇ?" ಎಂದಳು.

ನನಗೆ ಗೊತ್ತಿರಲಿಲ್ಲ.