ಅಪ್ಪ ಎತ್ತಿದ ಅಂಗೈ

ಬಿಸಿಲಿಗೆ ಕಾದ ಚರ್ಮದ ವಾಸನೆ ಬಂದರೆ ಈಗಲೂ ಅಪ್ಪನ ಬೇಸ್‌ಬಾಲ್ ಗ್ಲೌಸೂ ಆ ಮಧ್ಯಾಹ್ನವೂ ನೆನಪಾಗುತ್ತವೆ.

ಕೊಲ್ಲಿ ನಾಡಿನಲ್ಲಿ ನಾವಿದ್ದ ಅಲ್ ಕುಸೈಸಿನ ಮರಳು ಮೈದಾನದಲ್ಲಿ ಅಪ್ಪ ನಮ್ಮ ಹುಡುಗಿಯರ ತಂಡವನ್ನು ಆಡಿಸುತ್ತಿದ್ದರು. ಗಂಟಲ ಕ್ಯಾನ್ಸರ್ ದನಿಯನ್ನು ನುಂಗಿದ ಮೇಲೆ ಎಲ್ಲವೂ ಕೈಸನ್ನೆಯಲ್ಲೇ. ತೋಳು ತಿರುಗಿಸಿದರೆ ಓಡಬೇಕು, ಅಂಗೈ ಎತ್ತಿದರೆ ನಿಲ್ಲಬೇಕು. ತಪ್ಪಿದರೆ ಮೈದಾನಕ್ಕೆ ಮೂರು ಸುತ್ತು.

ಅಂದು ಫೈನಲ್. ಸಂಜೆಯ ವಿಮಾನದಲ್ಲಿ ಅಪ್ಪ, ಅಮ್ಮ ಮಂಗಳೂರಿಗೆ ಹೊರಡುವವರಿದ್ದರು. ಪರೀಕ್ಷೆಯಿದ್ದ ನಾನು ಸೋದರಮಾವನ ಮನೆಯಲ್ಲಿ ಉಳಿಯಬೇಕಿತ್ತು.

"ಡಾಕ್ಟರು ಕೈಬಿಟ್ಟಾಯ್ತು, ಇವರಿಗಿನ್ನೂ ಆಟದ್ದೇ ಚಿಂತೆ," ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ಒಂದೇ ಓಟ ಬೇಕಿತ್ತು. ಮೂರನೇ ಬೇಸ್‌ನಲ್ಲಿದ್ದ ನನಗೆ ಅಪ್ಪ ಪ್ಲಾಸ್ಟಿಕ್ ಕುರ್ಚಿಯಿಂದ ಅಂಗೈ ಎತ್ತಿದರು. ಗೆದ್ದೇ ಅವರನ್ನು ಕಳಿಸಬೇಕೆಂಬ ಹಟದಲ್ಲಿ ನಾನು ಓಡಿದೆ. ಔಟಾದೆ. ಸೋತೆವು.

ಮೂರು ಸುತ್ತು ಓಡಲು ಹೊರಟೆ. ಅಪ್ಪ ಬೇಡವೆಂದು ತಲೆಯಾಡಿಸಿದರು.

"ಯಲ್ಲಾ ಭಾವ, ಹೊರಡೋಣ, ಹೊತ್ತಾಯ್ತು," ಎಂದು ಮಾವ ಅವರನ್ನು ಬಹುತೇಕ ಎತ್ತಿಯೇ ಕಾರಿನಲ್ಲಿ ಕೂರಿಸಿದರು. ಕಾರು ಹೊರಟಿತು.

"ಅಪ್ಪಾ, ನಾನೂ ಬರ್ತೇನೆ!" ಕಿರುಚುತ್ತಾ ಹಿಂದೆಯೇ ಓಡಿದೆ. ಕಾರಿನ ಕಿಟಕಿಯಿಂದ ಒಣಗಿದ ಕೈಯೊಂದು ಹೊರಬಂದು ಅಂಗೈ ಎತ್ತಿತು.

ಆ ಸಲ ನಾನು ಅಪ್ಪನ ಮಾತು ಕೇಳಿದೆ. ನಿಂತೆ.